ಹತ್ತು ಸುತ್ತೂ ಒಂದೇ ಸಮ

‘ಆಟ’ ಎಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಎರಡು ಬೆಲೆಗಳಿವೆ. ಕಬಡ್ಡಿಯನ್ನೋ ವಾಲಿಬಾಲನ್ನೋ ಆಡಿ ತಾಲ್ಲೂಕು ಮಟ್ಟದಲ್ಲಿ ಕಪ್ಪು ತಂದರೆ ಅದು ಮರ್ಯಾದೆಯ ಆಟ. ಕಂಪ್ಯೂಟರಿನ ಮುಂದೆ ಕುಳಿತು ಆಡಿದರೆ ಅದು ಮನೆ ಹಾಳುಮಾಡುವ ಆಟ. ಈ ವಿಂಗಡಣೆಯಲ್ಲಿ ಸ್ವಲ್ಪ ನ್ಯಾಯವೂ ಇದೆ, ಸ್ವಲ್ಪ ಅವಸರವೂ ಇದೆ. ಆಡುವ ವಸ್ತು ಯಾವುದು ಎಂಬುದಕ್ಕಿಂತ ಅದನ್ನು ಹೇಗೆ ಅಭ್ಯಾಸ ಮಾಡುತ್ತಾರೆ ಎಂಬುದನ್ನು ನೋಡಿ ತೀರ್ಪು ಕೊಡಬೇಕೆಂಬುದು ಮೂವತ್ತು ವರ್ಷಗಳಿಗೂ ಮಿಕ್ಕಿ ಗಣಿತ, ವಿಜ್ಞಾನಗಳನ್ನು ಬೋಧಿಸಿದ ನನ್ನ ಅಭಿಪ್ರಾಯ. ಇದಕ್ಕೆ ಒಳ್ಳೆಯ ನಿದರ್ಶನವಾಗಿ ನಾನು ಇಂದು ರೇಸಿಂಗ್ ಸಿಮ್ಯುಲೇಟರನ್ನು ಆರಿಸಿಕೊಂಡಿದ್ದೇನೆ.

ಇದೇನೆಂದು ತಿಳಿಯದ ನನ್ನ ವಯಸ್ಸಿನ ಓದುಗರಿಗಾಗಿ ಎರಡು ಮಾತು. ಮೇಜಿಗೆ ಬಿಗಿದ ಒಂದು ಸ್ಟೀರಿಂಗ್, ನೆಲದ ಮೇಲೆ ಬ್ರೇಕ್, ಆಕ್ಸಿಲರೇಟರ್ ಪೆಡಲುಗಳು, ಎದುರಿಗೆ ಪರದೆ. ಪರದೆಯಲ್ಲಿ ಕಾಣುವುದು ನಿಜವಾದ ರೇಸ್ ಪಥಗಳನ್ನು ಅಳೆದು ರಚಿಸಿದ ರಸ್ತೆ. ಟೈರು ಜಾರಿದರೆ ಸ್ಟೀರಿಂಗ್ ಹಗುರವಾಗುತ್ತದೆ, ರಸ್ತೆಯ ಅಂಚಿಗೆ ಹತ್ತಿದರೆ ಕೈಯಲ್ಲಿ ನಡುಕ ಬರುತ್ತದೆ. ಕಾರಿನ ತೂಕ, ವೇಗ, ಟೈರಿನ ಹಿಡಿತ ಇವುಗಳನ್ನೆಲ್ಲ ಯಂತ್ರವು ಭೌತಶಾಸ್ತ್ರದ ನಿಯಮಗಳಂತೆ ಕ್ಷಣಕ್ಷಣಕ್ಕೂ ಲೆಕ್ಕಹಾಕುತ್ತಿರುತ್ತದೆ.

ಈ ಬಗೆಯ ಅಣಕು ಯಂತ್ರ ಹೊಸದೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ಆರ್ಗನ್ ವಾದ್ಯ ತಯಾರಿಸುವ ಮನೆತನದವನು. ಆ ವಾದ್ಯಕ್ಕೆ ಗಾಳಿಯೂದುವ ತಿದಿಗಳನ್ನೇ ಬಳಸಿ 1920ರ ದಶಕದ ಕೊನೆಯಲ್ಲಿ ಆತ ವಿಮಾನ ಚಾಲನೆ ಕಲಿಸುವ ಯಂತ್ರವನ್ನು ಕಟ್ಟಿದ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಪಾರ ಸಂಖ್ಯೆಯ ವಿಮಾನ ಚಾಲಕರು ಅದರಲ್ಲಿ ಕುಳಿತು ಪಾಠ ಕಲಿತಿದ್ದರು. ಕಾರು ರೇಸಿನ ಕ್ಷೇತ್ರದಲ್ಲಿ ‘ಗ್ರ್ಯಾನ್ ಟುರಿಸ್ಮೊ’ 1997ರಲ್ಲಿ ಬಂತು, ‘ಐರೇಸಿಂಗ್’ 2008ರಲ್ಲಿ, ‘ಅಸೆಟ್ಟೊ ಕೋರ್ಸಾ’ 2014ರಲ್ಲಿ. ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೊ ಎಂಬ ತರುಣ 2011ರಲ್ಲಿ ಗ್ರ್ಯಾನ್ ಟುರಿಸ್ಮೊ ಆಟಗಾರರ ನಡುವಿನ ಸ್ಪರ್ಧೆಯನ್ನು ಗೆದ್ದು ನಿಜವಾದ ಕಾರಿಗೆ ಹತ್ತಿದ. 2013ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಓಟದಲ್ಲಿ ಅವನ ತಂಡ ತನ್ನ ವರ್ಗದಲ್ಲಿ ಮೂರನೆಯ ಸ್ಥಾನ ಪಡೆಯಿತು. ಅವನ ಕಥೆ 2023ರಲ್ಲಿ ಚಲನಚಿತ್ರವೂ ಆಯಿತು. 2024ರ ಮೇ ತಿಂಗಳಲ್ಲಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪೆನ್ ಇಮೋಲಾದಲ್ಲಿ ನಿಜವಾದ ಫಾರ್ಮುಲಾ ಒನ್ ಓಟವನ್ನು ಗೆದ್ದ. ಅದೇ ವಾರಾಂತ್ಯದಲ್ಲಿ, ಸಿಮ್ಯುಲೇಟರಿನಲ್ಲಿ ನಡೆದ ನ್ಯೂರ್ಬರ್ಗ್‌ರಿಂಗ್ 24 ಗಂಟೆಗಳ ಓಟದಲ್ಲೂ ಸರದಿಯ ಮೇಲೆ ಕುಳಿತು ತನ್ನ ತಂಡದೊಡನೆ ಗೆದ್ದಿದ್ದ.

ನಮ್ಮವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಯುರೋಪಿನ ಪಥಗಳಲ್ಲಿ ಹೆಸರು ಮಾಡಿದವರು. 2025ರಲ್ಲಿ ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಫಾರ್ಮುಲಾ ಟೂ ಸ್ಪ್ರಿಂಟ್ ಓಟವನ್ನು ಕುಶ್ ಗೆದ್ದರು. ಮೊನಾಕೊದ ಪಥ ನಮ್ಮ ಪೇಟೆ ಬೀದಿಗಳಂತೆ ಇಕ್ಕಟ್ಟು; ಎರಡು ಬದಿಗೂ ತಡೆಗೋಡೆ. ಅಲ್ಲಿ ಒಂದು ಸುತ್ತಿನಲ್ಲಿ ಮಿಂಚಿದರೆ ಸಾಲದು. ಪ್ರತಿ ಸುತ್ತಿನಲ್ಲೂ ಗೋಡೆಗೆ ಒಂದೇ ಅಂತರವಿಟ್ಟು ಬರುವವನು ಗೆಲ್ಲುತ್ತಾನೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಸಿಮ್ಯುಲೇಟರಿನ ಮುಂದೆ ಕೂರುವ ಹುಡುಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬೆನ್ನಟ್ಟುವುದು ‘ಅತಿ ವೇಗದ ಒಂದು ಸುತ್ತ’ನ್ನು. ನಿಜವಾಗಿ ಬೆನ್ನಟ್ಟಬೇಕಾದದ್ದು ಒಂದೇ ಸಮನಾದ ಹತ್ತು ಸುತ್ತುಗಳನ್ನು. ಗಣಿತದ ಮೇಷ್ಟ್ರಾದ್ದರಿಂದ ಇದನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

ಒಂದು ಸುತ್ತಿಗೆ ಸುಮಾರು ಎರಡು ನಿಮಿಷ ಹಿಡಿಯುವ ಪಥವನ್ನು ಕಲ್ಪಿಸಿಕೊಳ್ಳಿ. ಮೊದಲನೆಯ ಹುಡುಗನ ಹತ್ತು ಸುತ್ತುಗಳ ಕಾಲ ಸೆಕೆಂಡುಗಳಲ್ಲಿ ಹೀಗಿದೆ: 118, 121, 119, 127, 118, 120, 131, 119, 122, 125. ಎರಡನೆಯವನದು: 121, 120, 121, 120, 120, 121, 120, 121, 121, 120. ಮೊದಲನೆಯವನ ಅತ್ಯುತ್ತಮ ಸುತ್ತು 118. ಎರಡನೆಯವನು ಒಂದು ಸಲವೂ ಅದರ ಹತ್ತಿರ ಸುಳಿದಿಲ್ಲ. ಕೂಡಿ ನೋಡಿ. ಮೊದಲನೆಯವನಿಗೆ 1220 ಸೆಕೆಂಡು, ಎರಡನೆಯವನಿಗೆ 1205. ‘ನಿಧಾನ’ದ ಹುಡುಗ ಹದಿನೈದು ಸೆಕೆಂಡು ಮುಂದೆ ಬಂದು ಗುರಿ ಮುಟ್ಟಿದ್ದಾನೆ. ಮೊದಲನೆಯವನು ಸ್ನೇಹಿತರಿಗೆ ತೋರಿಸುವುದು 118ರ ಚಿತ್ರವನ್ನು. 131ರ ಸುತ್ತಿನಲ್ಲಿ ಹುಲ್ಲಿನ ಮೇಲೆ ಗಿರಕಿ ಹೊಡೆದದ್ದನ್ನು ಯಾರಿಗೂ ತೋರಿಸುವುದಿಲ್ಲ. ಪರೀಕ್ಷೆಯಲ್ಲಿ ಒಂದು ಕಷ್ಟದ ಲೆಕ್ಕವನ್ನು ಚಮತ್ಕಾರವಾಗಿ ಬಿಡಿಸಿ, ನಾಲ್ಕು ಸುಲಭದ ಲೆಕ್ಕಗಳಲ್ಲಿ ಕೂಡುವುದನ್ನು ತಪ್ಪುವ ಜಾಣ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ.

ಸುತ್ತಿನಿಂದ ಸುತ್ತಿಗೆ ಈ ಏರುಪೇರು ಏಕೆ ಬರುತ್ತದೆ? ಕಾರಣಗಳು ಪ್ರೌಢಶಾಲೆಯ ವಿಜ್ಞಾನದಲ್ಲೇ ಇವೆ. ಗಂಟೆಗೆ 180 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 50 ಮೀಟರ್. ಬ್ರೇಕ್ ತುಳಿಯುವುದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೆ ಕಾರು ಐದು ಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ತನ್ನ ಉದ್ದಕ್ಕಿಂತಲೂ ಹೆಚ್ಚು. ಎರಡನೆಯದು, ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ನೂರರಿಂದ ನೂರಹತ್ತಕ್ಕೆ ಏರಿದರೆ, ಬ್ರೇಕ್ ಕಚ್ಚಿದ ಮೇಲೆ ನಿಲ್ಲಲು ಬೇಕಾಗುವ ದೂರ ಹತ್ತರಷ್ಟಲ್ಲ, ಶೇಕಡಾ 21ರಷ್ಟು ಹೆಚ್ಚುತ್ತದೆ. ತಿರುವಿಗೆ ‘ಸ್ವಲ್ಪ’ ಜೋರಾಗಿ ಬಂದವನು ಹುಲ್ಲಿಗೆ ಹೋಗುವುದು ಇದರಿಂದ.

ಮೂರನೆಯದು ಟೈರಿನ ಹಿಡಿತ. ಇದನ್ನು ಒಂದು ರೂಪಾಯಿ ಎಂದುಕೊಳ್ಳಿ. ಆ ರೂಪಾಯಿಯಲ್ಲೇ ಬ್ರೇಕಿಗೂ ಕೊಡಬೇಕು, ತಿರುಗುವುದಕ್ಕೂ ಕೊಡಬೇಕು. ಆದರೆ ಇವೆರಡೂ ಒಂದಕ್ಕೊಂದು ಲಂಬವಾದ ಬಲಗಳಾದ್ದರಿಂದ ಲೆಕ್ಕ ಪೈಥಾಗೊರಸನ ಪ್ರಮೇಯದಂತೆ ನಡೆಯುತ್ತದೆ. ಬ್ರೇಕಿಗೆ ಎಂಬತ್ತು ಪೈಸೆ ಖರ್ಚಾಗುತ್ತಿದ್ದರೆ ತಿರುಗಲು ಅರವತ್ತು ಪೈಸೆ ಉಳಿದಿರುತ್ತದೆ. ಪೂರ್ತಿ ರೂಪಾಯಿಯನ್ನೂ ಬ್ರೇಕಿಗೇ ಸುರಿದು ಆಮೇಲೆ ಸ್ಟೀರಿಂಗ್ ತಿರುಗಿಸಿದರೆ ಕಾರು ನೇರವಾಗಿಯೇ ಹೋಗುತ್ತದೆ. ಆದುದರಿಂದ ಸ್ಟೀರಿಂಗ್ ತಿರುಗುತ್ತ ಹೋದಂತೆ ಬ್ರೇಕಿನ ಮೇಲಿನ ಕಾಲನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತ ಬರಬೇಕು. ಇದನ್ನು ಒಂದು ಸಲ ಸರಿಯಾಗಿ ಮಾಡುವುದು ಅದೃಷ್ಟ. ಪ್ರತಿ ಸಲವೂ ಮಾಡುವುದು ವಿದ್ಯೆ.

ಈಗ ಅಭ್ಯಾಸದ ಕ್ರಮಕ್ಕೆ ಬರೋಣ. ಪ್ರಾಥಮಿಕ ಶಾಲೆಯಲ್ಲಿ ಕಾಪಿ ಬರೆಸಿದವರಿಗೆಲ್ಲ ಒಂದು ಸಂಗತಿ ಗೊತ್ತು. ಮೇಲಿನ ಮಾದರಿ ಸಾಲನ್ನು ನೋಡಿ ಮಗು ಮೊದಲ ಸಾಲನ್ನು ಮುದ್ದಾಗಿ ಬರೆಯುತ್ತದೆ. ಎರಡನೆಯದೂ ಪರವಾಗಿಲ್ಲ. ಕೆಳಗೆ ಇಳಿದಂತೆಲ್ಲ ಅಕ್ಷರ ಕೆಡುತ್ತ ಬಂದು, ಕಡೆಯ ಸಾಲು ಗುರುತೇ ಸಿಗದಂತಾಗಿರುತ್ತದೆ. ಮಗು ಸೋಮಾರಿಯಾದದ್ದು ಕಾರಣವಲ್ಲ. ಅದು ಮಾದರಿಯನ್ನು ನೋಡುವುದನ್ನು ಬಿಟ್ಟು, ತಾನೇ ಬರೆದ ಹಿಂದಿನ ಸಾಲನ್ನು ನೋಡಿ ಬರೆಯತೊಡಗಿರುತ್ತದೆ. ಒಂದು ಸಾಲಿನ ವಕ್ರ ಮುಂದಿನ ಸಾಲಿಗೆ ಮಾದರಿಯಾಗುತ್ತದೆ. ಸಿಮ್ಯುಲೇಟರಿನಲ್ಲಿ ನೂರು ಸುತ್ತು ಓಡಿಸಿಯೂ ಸುಧಾರಿಸದ ಹುಡುಗರ ರೋಗ ಇದೇ. ಅವರು ನೂರು ಸಲ ಅಭ್ಯಾಸ ಮಾಡಿರುವುದು ತಮ್ಮ ತಪ್ಪನ್ನು.

ನಮ್ಮ ಊರಿನ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಅಂಚಿನ ಹೋಬಳಿ. ಆಚೆಗೆ ಆಂಧ್ರದ ಸೀಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮಾವು, ಟೊಮೆಟೊ ನಮ್ಮ ಬದುಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಬಂದು, “ಮೇಷ್ಟ್ರೇ, ನನ್ನ ಮಗನಿಗೆ ನೀವಾದರೂ ಬುದ್ಧಿ ಹೇಳಿ. ಟೊಮೆಟೊದಲ್ಲಿ ಬಂದ ನಾಲ್ಕು ಕಾಸಿನಲ್ಲಿ ಓದೋಕೆ ಅಂತ ಕಂಪ್ಯೂಟರ್ ಕೊಡಿಸಿದೆ. ಅವನು ಹಳೇ ಸ್ಟೀರಿಂಗ್ ಒಂದು ತಂದು ಅದಕ್ಕೆ ಕಟ್ಟಿಕೊಂಡು ಕೂತಿದ್ದಾನೆ” ಎಂದ. ಹುಡುಗ ಪಿಯುಸಿ ಓದುತ್ತಿದ್ದ, ಹದಿನೇಳು ವರ್ಷ. ತಂದೆಯ ಸಿಟ್ಟಿನ ಹಿಂದೆ ಹೇಳದ ಭಯವೊಂದಿತ್ತು. ಲೈಸೆನ್ಸ್ ಇಲ್ಲದಿದ್ದರೂ ಮಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಹತ್ತುವ, ಸ್ನೇಹಿತರ ಬೈಕುಗಳನ್ನು ಮದನಪಲ್ಲಿ ರಸ್ತೆಯಲ್ಲಿ ಓಡಿಸುವ ಹುಡುಗರ ಗುಂಪಿಗೆ ಇವನೂ ಸೇರಿದ್ದ. ಆ ರಸ್ತೆಯ ಮೇಲೆ ನನ್ನ ವಿದ್ಯಾರ್ಥಿಯೊಬ್ಬ ಇಪ್ಪತ್ತು ತುಂಬುವ ಮೊದಲೇ ಹೋಗಿಬಿಟ್ಟಿದ್ದು ನಮ್ಮಿಬ್ಬರಿಗೂ ನೆನಪಿತ್ತು.

ನಾನು ಬುದ್ಧಿ ಹೇಳಲಿಲ್ಲ. ಒಂದು ಉದ್ದ ಸೈಜಿನ ನೋಟ್ ಪುಸ್ತಕ ತೆಗೆದುಕೊಂಡು ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಅವನು ಓಡಿಸುತ್ತಿದ್ದದ್ದು ಇಟಲಿಯ ಮೊಂಜಾ ಪಥ, ಉದ್ದ 5.793 ಕಿಲೋಮೀಟರ್, ಹನ್ನೊಂದು ತಿರುವುಗಳು. ಇಪ್ಪತ್ತು ಸುತ್ತಿನಲ್ಲಿ ಏಳು ಸಲ ಪಥ ಬಿಟ್ಟು ಹೊರಗೆ ಹೋದ. ಒಂದು ಒಳ್ಳೆಯ ಸುತ್ತು ಬಂದ ಮರುಸುತ್ತಿನಲ್ಲಿ ಹೊರಗೆ ಹೋಗುವುದು ಖಚಿತವಾಗಿತ್ತು. ಹಿಗ್ಗು ಕಾಲಿಗಿಳಿಯುತ್ತಿತ್ತು. ಜೊತೆಗೆ, ಬ್ರೇಕನ್ನು ಜೋರಾಗಿ ತುಳಿದಾಗಲೆಲ್ಲ ಅವನ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತಿತ್ತು. ಪ್ರತಿ ಸುತ್ತಿಗೂ ಪೆಡಲಿನ ದೂರವೇ ಬದಲಾದರೆ ಕಾಲು ಏನನ್ನು ಕಲಿಯಬೇಕು? ಮೊದಲು ಕುರ್ಚಿಯ ಹಿಂದೆ ಗೋಡೆಗೆ ತಾಗುವಂತೆ ಇಟ್ಟಿಗೆ ಜೋಡಿಸಿದೆವು.

ಆಮೇಲೆ ನಾವಿಬ್ಬರೂ ಸೇರಿ ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡೆವು. ಮೊದಲನೆಯದು, ಒಂದು ತಿಂಗಳು ಒಂದೇ ಕಾರು, ಒಂದೇ ಪಥ. ಕಾರಿನ ಹೊಂದಾಣಿಕೆಗಳನ್ನು ಮುಟ್ಟುವಂತಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ, ಪ್ರಯೋಗಾಲಯದ ಮೊದಲ ಪಾಠ ಇದು. ಎರಡನೆಯದು, ತನ್ನ ಅತ್ಯುತ್ತಮ ಕಾಲಕ್ಕಿಂತ ಎರಡು ಸೆಕೆಂಡು ನಿಧಾನವಾಗಿ ಓಡಿಸಬೇಕು. ಆ ವೇಗದಲ್ಲಿ ಹತ್ತು ಸುತ್ತು ಪಥ ಬಿಡದೆ ಬಂದ ಮೇಲೆ ಅರ್ಧ ಸೆಕೆಂಡು ಏರಿಸಬಹುದು. ಸಂಗೀತ ಪಾಠದಲ್ಲಿ ಸರಳೆ ವರಸೆಯನ್ನು ಮೊದಲನೆಯ ಕಾಲದಲ್ಲಿ ಗಟ್ಟಿಮಾಡಿಸಿದ ಮೇಲೆ ತಾನೇ ಎರಡನೆಯ, ಮೂರನೆಯ ಕಾಲಕ್ಕೆ ಹೋಗುವುದು? ಮೂರನೆಯದು, ಪ್ರತಿ ತಿರುವಿಗೂ ಬ್ರೇಕ್ ತುಳಿಯಲು ರಸ್ತೆಯ ಪಕ್ಕದ ಒಂದು ಗುರುತು ಇರಬೇಕು: ದೂರದ ಫಲಕ, ಅಂಚಿನ ಬಣ್ಣ ಬದಲಾಗುವ ಜಾಗ, ಹೀಗೆ ಕದಲದ ವಸ್ತು. ‘ಅಂದಾಜು ಇಲ್ಲೇ’ ಎಂಬುದು ಗುರುತಲ್ಲ. ಆ ಗುರುತು ಕಣ್ಣಿಗೆ ಬಿದ್ದೊಡನೆ ದೃಷ್ಟಿ ತಿರುವಿನ ಒಳಮೂಲೆಗೆ, ಅಲ್ಲಿಂದ ತಿರುವಿನ ಕೊನೆಗೆ ಹೋಗಬೇಕು. ಕೈ ಕಣ್ಣನ್ನು ಹಿಂಬಾಲಿಸುತ್ತದೆ.

ನಾಲ್ಕನೆಯದು ಕಾಪಿ ಪುಸ್ತಕದ ಪಾಠ. ಇಂಥ ಆಟಗಳಲ್ಲಿ ದಾಖಲಾದ ಒಂದು ಸುತ್ತನ್ನು ನೆರಳಿನ ಕಾರಿನಂತೆ ಮುಂದೆ ಓಡಿಸಿಕೊಂಡು ಅದರ ಜೊತೆ ಹೋಗುವ ಸೌಲಭ್ಯವಿದೆ. ಹುಡುಗರು ಅದನ್ನು ‘ಘೋಸ್ಟ್’ ಎನ್ನುತ್ತಾರೆ. ತನ್ನ ಅತಿ ವೇಗದ ಸುತ್ತನ್ನು ನೆರಳಾಗಿ ಇಟ್ಟುಕೊಳ್ಳಬಾರದು, ತಪ್ಪಿಲ್ಲದ ಸುತ್ತನ್ನು ಇಟ್ಟುಕೊಳ್ಳಬೇಕು ಎಂದು ಗೊತ್ತುಮಾಡಿದೆವು. ಮಾದರಿ ಸಾಲು ಅದು. ಐದನೆಯದು, ಒಂದು ಸಲಕ್ಕೆ ಅರ್ಧ ಗಂಟೆ ಮಾತ್ರ. ದಣಿದ ಮೇಲೆ ಓಡಿಸಿದ ಸುತ್ತುಗಳು ದಣಿವಿನ ಅಭ್ಯಾಸವನ್ನೇ ಕಲಿಸುತ್ತವೆ. ಕರೆಂಟ್ ಹೋದರೆ ಅಂದಿನ ಪಾಠ ಮುಗಿಯಿತು. ಈ ನಿಯಮವನ್ನು ಪಾಲಿಸಲು ನಮ್ಮೂರಿನಲ್ಲಿ ಯಾರ ಬಲವಂತವೂ ಬೇಕಾಗಲಿಲ್ಲ. ಆರನೆಯದು, ಪ್ರತಿ ಸುತ್ತಿನ ಕಾಲವನ್ನೂ, ಎಲ್ಲಿ ತಪ್ಪಾಯಿತೆಂಬುದನ್ನೂ ಅವನೇ ಪುಸ್ತಕದಲ್ಲಿ ಬರೆಯಬೇಕು; ಕೊನೆಗೆ ಸರಾಸರಿಯನ್ನೂ, ಅತಿ ವೇಗದ ಮತ್ತು ಅತಿ ನಿಧಾನದ ಸುತ್ತುಗಳ ನಡುವಿನ ಅಂತರವನ್ನೂ ಲೆಕ್ಕಹಾಕಬೇಕು. ಆ ಅಂತರವೇ ಅಂದಿನ ಅಂಕ.

ಮೊದಲ ವಾರ ಅವನಿಗೆ ಬೇಸರವೋ ಬೇಸರ. ಎರಡನೆಯ ವಾರ ತಾನಾಗಿಯೇ ಒಂದೊಂದು ತಿರುವನ್ನೇ ಹಿಡಿದು ತಿದ್ದತೊಡಗಿದ. ಮೂರು ವಾರವಾದ ಮೇಲೆ ಪುಸ್ತಕ ತೆರೆದೆವು. ಅತ್ಯುತ್ತಮ ಕಾಲ ಸುಧಾರಿಸಿರಲಿಲ್ಲ. ಆದರೆ ಇಪ್ಪತ್ತು ಸುತ್ತಿನಲ್ಲಿ ಹೊರಗೆ ಹೋದದ್ದು ಎರಡೇ ಸಲ. ಒಂಬತ್ತು ಸೆಕೆಂಡಿದ್ದ ಅಂತರ ಎರಡು ಸೆಕೆಂಡಿಗೆ ಇಳಿದಿತ್ತು. ಹುಡುಗ ಆಗ ಹೇಳಿದ ಮಾತು ನನಗೆ ಅಂಕಿಗಳಿಗಿಂತ ದೊಡ್ಡದಾಗಿ ಕಂಡಿತು. “ಸಾರ್, ಮುಂಚೆ ತಪ್ಪು ಮಾಡಿದ ಮೇಲೆ ಗೊತ್ತಾಗ್ತಿತ್ತು. ಈಗ ಮಾಡೋಕೆ ಮುಂಚೇನೇ ಗೊತ್ತಾಗುತ್ತೆ.” ಶಿಕ್ಷಣದಿಂದ ನಾವು ಬಯಸುವುದು ಇದಕ್ಕಿಂತ ಬೇರೆಯೇ?

ಇದಕ್ಕೆ ಆಕ್ಷೇಪಗಳು ಬರುತ್ತವೆಂದು ಬಲ್ಲೆ. ಪರದೆಯ ಮುಂದೆ ಕಲಿತದ್ದು ರಸ್ತೆಗೆ ಬರುತ್ತದೆಯೇ ಎಂಬುದು ಮುಖ್ಯವಾದ ಪ್ರಶ್ನೆ. ಪೂರ್ತಿ ಬರುವುದಿಲ್ಲ. ಪರದೆಯ ಮುಂದೆ ಬೆನ್ನಿಗೆ, ಹೊಟ್ಟೆಗೆ ವೇಗದ ಅರಿವಾಗದು. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಭಯವಿಲ್ಲ. ಗುಂಡಿ ಒತ್ತಿದರೆ ಮುರಿದ ಕಾರು ಹೊಸದಾಗುತ್ತದೆ. ಮೇಲೆ ಹೇಳಿದ ಮಾರ್ಡೆನ್‌ಬರೊ 2015ರ ಮಾರ್ಚಿಯಲ್ಲಿ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಓಡಿಸುತ್ತಿದ್ದಾಗ ಅವನ ಕಾರು ಗಾಳಿಗೆ ಎದ್ದು ಬೇಲಿಯಾಚೆ ಬಿತ್ತು. ನೋಡಲು ಬಂದಿದ್ದ ಒಬ್ಬರು ಪ್ರಾಣ ಕಳೆದುಕೊಂಡರು. ಯಾವ ಗುಂಡಿಯೂ ಅದನ್ನು ಹಿಂದಕ್ಕೆ ತರಲಿಲ್ಲ. ಮೊಂಜಾದಲ್ಲಿ ಎದುರಿನಿಂದ ವಾಹನ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಕತ್ತಲಲ್ಲಿ ನಿಂತಿರುವುದಿಲ್ಲ. ನಮ್ಮ ರಸ್ತೆಯಲ್ಲಿ ಇವೆಲ್ಲವೂ ಇವೆ. ರೇಸಿನ ವೇಗವನ್ನು ಊರ ರಸ್ತೆಗೆ ತರುವವನು ಸಿಮ್ಯುಲೇಟರಿನಿಂದ ಏನನ್ನೂ ಕಲಿತಿಲ್ಲವೆಂದೇ ಅರ್ಥ.

ಆದರೆ ಸಂಯಮ ಎಲ್ಲಿ ಬೇಕಾದರೂ ಬರುತ್ತದೆ. ನಾಳೆ ಚಾಲಕನಾಗುವ ಹುಡುಗ ದೂರ ನೋಡುವುದು, ಮುಂಚೆಯೇ ಬ್ರೇಕಿಗೆ ಸಿದ್ಧವಾಗುವುದು, ಹಿಗ್ಗನ್ನೂ ಸಿಟ್ಟನ್ನೂ ಕಾಲಿಗಿಳಿಸದಿರುವುದು, ತನ್ನ ತಪ್ಪನ್ನು ತಾನೇ ಬರೆದಿಡುವುದು ಇವುಗಳನ್ನು ಯಾರ ಪ್ರಾಣಕ್ಕೂ ಅಪಾಯವಿಲ್ಲದ ಜಾಗದಲ್ಲಿ ಕಲಿತರೆ ನಷ್ಟವೇನು? ಸರ್ಕಾರವೂ ಇದನ್ನು ಒಪ್ಪಿದೆ. 2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮದಂತೆ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಲೇಬೇಕು. ಐರೇಸಿಂಗ್ ಆಟದಲ್ಲೂ ವೇಗಕ್ಕೆ ಬೇರೆ, ಸುರಕ್ಷತೆಗೆ ಬೇರೆ ಅಂಕವಿದೆ: ಪಥ ಬಿಟ್ಟರೆ ಒಂದು ತಪ್ಪು, ಗಿರಕಿ ಹೊಡೆದರೆ ಎರಡು, ಇನ್ನೊಬ್ಬರ ಕಾರಿಗೆ ಜೋರಾಗಿ ಡಿಕ್ಕಿ ಹೊಡೆದರೆ ನಾಲ್ಕು. ಸುರಕ್ಷತೆಯ ಅಂಕ ಕುಸಿದವನಿಗೆ ಮೇಲಿನ ದರ್ಜೆಗೆ ಬಡ್ತಿಯಿಲ್ಲ. ಹುಡುಗರು ಒಬ್ಬರಿಗೊಬ್ಬರು ತೋರಿಸಿಕೊಳ್ಳಬೇಕಾದದ್ದು ಆ ಅಂಕವನ್ನು.

ಹಣದ ಮತ್ತು ಕಾಲದ ಆಕ್ಷೇಪವೂ ನ್ಯಾಯವಾದದ್ದೇ. ಸಾಲಮಾಡಿ ಯಂತ್ರ ತರಬೇಕಾಗಿಲ್ಲ. ಇದರಿಂದಲೇ ಎಲ್ಲರೂ ಕುಶ್ ಮೈನಿಯಾಗುತ್ತಾರೆಂದು ಕನಸು ಕಾಣುವುದೂ ಬೇಡ. ಕಾರು ರೇಸ್ ಇಂದಿಗೂ ಹಣವಂತರ ಕ್ರೀಡೆ. ಆದರೆ ಮನೆಯಲ್ಲಿ ಈಗಾಗಲೇ ಸ್ಟೀರಿಂಗ್ ಹಿಡಿದು ಕುಳಿತ ಮಗನಿದ್ದರೆ ಪಾಲಕರು ಮಾಡಬಹುದಾದ ಕೆಲಸ ಎರಡು. ವಯರು ಕಿತ್ತುಹಾಕಬಹುದು, ಆಗ ಅವನು ಹೊರಗೆ ಹೋಗಿ ಸ್ನೇಹಿತನ ಬೈಕು ಹತ್ತುತ್ತಾನೆ. ಇಲ್ಲವೇ ಪಕ್ಕದಲ್ಲಿ ಕುಳಿತು “ಎಷ್ಟು ಜೋರಾಗಿ ಹೋದೆ?” ಎಂದು ಕೇಳುವ ಬದಲು “ಎಷ್ಟು ಸುತ್ತು ತಪ್ಪಿಲ್ಲದೆ ಬಂದೆ?” ಎಂದು ಕೇಳಬಹುದು. ಮಕ್ಕಳು ನಾವು ಯಾವ ಪ್ರಶ್ನೆ ಕೇಳುತ್ತೇವೋ ಅದಕ್ಕೆ ತಕ್ಕ ಉತ್ತರವನ್ನು ಸಿದ್ಧಮಾಡಿಕೊಳ್ಳುತ್ತಾರೆ.

ನಮ್ಮ ರಾಜ್ಯದ ಸಾರಿಗೆ ಸಂಸ್ಥೆಯಲ್ಲಿ ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕರಿಗೆ ಬೆಳ್ಳಿಯ ಪದಕ, ಚಿನ್ನದ ಪದಕ ಕೊಡುವ ಸಂಪ್ರದಾಯವಿದೆ. ಆ ಪದಕ ಯಾವ ಒಂದು ದಿನದ ಸಾಹಸಕ್ಕೂ ಕೊಟ್ಟದ್ದಲ್ಲ. ಏನೂ ಆಗದೆ ಕಳೆದ ಸಾವಿರಾರು ದಿನಗಳಿಗೆ ಕೊಟ್ಟದ್ದು. ಅದೇ ರಸ್ತೆ, ಅದೇ ತಿರುವು, ಅದೇ ನಿಲ್ದಾಣ, ಪ್ರತಿ ದಿನವೂ ಅದೇ ಎಚ್ಚರ. ಅಂಥವರ ಹೆಸರು ನಮ್ಮ ಹುಡುಗರಿಗೆ ಗೊತ್ತಿಲ್ಲ, ರೇಸ್ ಗೆದ್ದವರ ಹೆಸರು ಗೊತ್ತು. ಇಬ್ಬರ ವಿದ್ಯೆಯೂ ಮೂಲದಲ್ಲಿ ಒಂದೇ ಎಂಬುದನ್ನು ಹುಡುಗರಿಗೆ ತಿಳಿಸಿಕೊಡುವುದು ಹಿರಿಯರಾದ ನಮ್ಮ ಕರ್ತವ್ಯ.